ಆಕಾಶದ ಕಣ್ಣು, ನೆಲದ ಲಾರಿ: ಸಂಚಾರಿ ಸೇನಾ ಭೂಕೇಂದ್ರದ ಕಥೆ

ಯುದ್ಧದ ಇತಿಹಾಸವನ್ನು ಓದುವಾಗ ನಮ್ಮ ಗಮನ ಸಹಜವಾಗಿ ವಿಮಾನ, ಕ್ಷಿಪಣಿ, ಉಪಗ್ರಹಗಳತ್ತ ಹರಿಯುತ್ತದೆ. ಅವು ಕಂಡದ್ದನ್ನು ರಣರಂಗದ ದಳಪತಿಗೆ ತಲುಪಿಸುವ ಸಾಧನವನ್ನು ನಾವು ಗಮನಿಸುವುದು ಅಪರೂಪ. ಆ ಸಾಧನ ಬಹುಮಟ್ಟಿಗೆ ಒಂದು ಲಾರಿ. ಅದರ ಮೇಲೊಂದು ಪೆಟ್ಟಿಗೆಯಂಥ ಕೋಣೆ, ಒಳಗೆ ಗಣಕಯಂತ್ರಗಳು, ಹೊರಗೆ ಆಂಟೆನಾ. ಇದನ್ನೇ ಸಂಚಾರಿ ಭೂಕೇಂದ್ರ ಎನ್ನುತ್ತಾರೆ. ಅಮೆರಿಕದ ಸೇನೆ ಇಂಥ ಕೇಂದ್ರಗಳನ್ನು ಕಟ್ಟಿದ ಬಗೆಯನ್ನು ನೋಡಿದರೆ, ತಂತ್ರಜ್ಞಾನದಷ್ಟೇ ಹಣ ಮತ್ತು ಕಾನೂನು ಕೂಡ ಅದರ ರೂಪವನ್ನು ನಿರ್ಧರಿಸಿವೆ ಎಂಬುದು ಸ್ಪಷ್ಟವಾಗುತ್ತದೆ.

1970ರ ದಶಕದಲ್ಲಿ ಗೂಢಚಾರ ಉಪಗ್ರಹಗಳ ಮಾಹಿತಿ ಮುಖ್ಯವಾಗಿ ವಾಷಿಂಗ್ಟನ್ನಿನ ವರಿಷ್ಠರಿಗಾಗಿಯೇ ಇತ್ತು. ಅದನ್ನು ರಣರಂಗದ ಸೇನಾ ತುಕಡಿಗಳೂ ಬಳಸುವಂತಾಗಬೇಕೆಂದು 1977ರಲ್ಲಿ ಅಮೆರಿಕದ ಕಾಂಗ್ರೆಸ್ಸು ಸೂಚಿಸಿತು. ಮರುವರ್ಷ ‘ಅಸಾಲ್ಟ್ ಬ್ರೇಕರ್’ ಎಂಬ ಸಂಶೋಧನಾ ಯೋಜನೆ ಆರಂಭವಾಯಿತು. ಯೂರೋಪಿನಲ್ಲಿ ಸೋವಿಯತ್ ಟ್ಯಾಂಕುಗಳು ಅಲೆಯಲೆಯಾಗಿ ಬಂದರೆ, ಹಿಂದಿನ ಸಾಲುಗಳನ್ನು ದೂರದಿಂದಲೇ ಗುರುತಿಸಿ ತಡೆಯುವುದು ಅದರ ಉದ್ದೇಶ. ಚಲಿಸುವ ವಾಹನಗಳನ್ನು ಪತ್ತೆಹಚ್ಚುವ ರೇಡಾರನ್ನು ಭೂಸೇನೆ ಹೆಲಿಕಾಪ್ಟರಿಗೆ ಅಳವಡಿಸಲು ಯತ್ನಿಸುತ್ತಿದ್ದರೆ, ವಾಯುಸೇನೆ ವಿಮಾನಕ್ಕೆ ಅಳವಡಿಸಲು ಯತ್ನಿಸುತ್ತಿತ್ತು. 1982ರಲ್ಲಿ ಎರಡನ್ನೂ ಒಂದುಗೂಡಿಸಲಾಯಿತು. ಹೀಗೆ ಹುಟ್ಟಿದ್ದು ‘ಜೆಸ್ಟಾರ್ಸ್’ ಯೋಜನೆ. ವಿಮಾನದ ಖರ್ಚು ವಾಯುಸೇನೆಯ ಪಾಲಿಗೆ, ಭೂಕೇಂದ್ರದ ಖರ್ಚು ಭೂಸೇನೆಯ ಪಾಲಿಗೆ ಬಂದವು. ಬೋಯಿಂಗ್ 707 ವಿಮಾನದ ಹೊಟ್ಟೆಯಡಿ ಗ್ರಮ್ಮನ್ ಕಂಪನಿ ಉದ್ದನೆಯ ರೇಡಾರನ್ನು ಜೋಡಿಸಿತು. ಲಾರಿಯ ಕೋಣೆಯನ್ನು ಮೊಟೊರೋಲಾ ಕಟ್ಟಿತು.

ಸೋವಿಯತ್ ದಾಳಿ ನಡೆಯಲೇ ಇಲ್ಲ. ಪರೀಕ್ಷೆ ಬಂದದ್ದು ಮರುಭೂಮಿಯಲ್ಲಿ. 1991ರ ಜನವರಿಯಲ್ಲಿ, ಇನ್ನೂ ಪ್ರಾಯೋಗಿಕ ಹಂತದಲ್ಲಿದ್ದ ಎರಡು ವಿಮಾನಗಳನ್ನೂ ಅವುಗಳ ಭೂಕೇಂದ್ರಗಳನ್ನೂ ಸೌದಿ ಅರೇಬಿಯಾಕ್ಕೆ ಸಾಗಿಸಲಾಯಿತು. ಆ ವಿಮಾನಗಳು 49 ಬಾರಿ ಹಾರಿ, 500 ಗಂಟೆಗೂ ಮೀರಿ ಆಕಾಶದಲ್ಲಿದ್ದವು. ಖಫ್ಜಿ ಪಟ್ಟಣದ ಕಾಳಗದಲ್ಲಿ ಇರಾಕಿ ವಾಹನಗಳ ಚಲನೆ ರೇಡಾರಿನಲ್ಲಿ ಮೂಡಿತು. ಆದರೆ ಎಲ್ಲ ಬಗೆಯ ಮಾಹಿತಿಯೂ ಹೀಗೆ ಕೈಗೆಟುಕಲಿಲ್ಲ. ಯುದ್ಧ ಮುಗಿದ ಮೇಲೆ ಸೇನಾನಿ ನಾರ್ಮನ್ ಶ್ವಾರ್ಟ್ಸ್‌ಕಾಫ್ ಅವರು, ಗುಪ್ತಚರ ಮಾಹಿತಿ ರಣರಂಗಕ್ಕೆ ಸಕಾಲದಲ್ಲಿ ತಲುಪಲಿಲ್ಲವೆಂದು ಸೆನೆಟ್ ಸಮಿತಿಯ ಮುಂದೆ ಆಕ್ಷೇಪಿಸಿದರು. ನೋಡುವ ಶಕ್ತಿ ಬೆಳೆದಷ್ಟು ತಲುಪಿಸುವ ಶಕ್ತಿ ಬೆಳೆದಿರಲಿಲ್ಲ.

ಮುಂದಿನ ವರ್ಷಗಳಲ್ಲಿ ಲಾರಿ ಚಿಕ್ಕದಾಗಿ ಹಮ್ವೀ ವಾಹನವಾಯಿತು. ತೊಡಕು ಮಾತ್ರ ತಂತ್ರಾಂಶಕ್ಕೆ ಸ್ಥಳಾಂತರಗೊಂಡಿತು. ಎಲ್ಲ ಮೂಲಗಳ ಮಾಹಿತಿಯನ್ನು ಒಂದೆಡೆ ತರಲು ಭೂಸೇನೆ ‘ಡಿಸಿಜಿಎಸ್-ಎ’ ಎಂಬ ವ್ಯವಸ್ಥೆಗೆ ನೂರಾರು ಕೋಟಿ ಡಾಲರ್ ವ್ಯಯಿಸಿತು. ಅದನ್ನು ಬಳಸುವುದು ಕಷ್ಟವೆಂಬ ದೂರು ಅಫ್ಘಾನಿಸ್ತಾನದಲ್ಲಿದ್ದ ಯೋಧರಿಂದಲೇ ಬಂದಿತು. ಮಾರುಕಟ್ಟೆಯಲ್ಲಿ ಸಿದ್ಧವಾಗಿ ದೊರೆಯುವ ವಸ್ತುಗಳನ್ನು ಸಾಧ್ಯವಾದಷ್ಟೂ ಮೊದಲು ಪರಿಗಣಿಸಬೇಕೆಂದು 1994ರ ಖರೀದಿ ಕಾನೂನು ಹೇಳುತ್ತದೆ. ಈ ಆಧಾರದ ಮೇಲೆ 2016ರಲ್ಲಿ ಪಾಲಂಟೀರ್ ಕಂಪನಿ ಭೂಸೇನೆಯ ಮೇಲೆಯೇ ದಾವೆ ಹೂಡಿ ಗೆದ್ದಿತು. 2018ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು.

ಈ ಹಿನ್ನೆಲೆಯಲ್ಲಿ ಬಂದದ್ದು ‘ಟೈಟನ್’ ಎಂಬ ಹೊಸ ಭೂಕೇಂದ್ರ. 2021ರಲ್ಲಿ ರೇಥಿಯಾನ್ ಮತ್ತು ಪಾಲಂಟೀರ್ ಕಂಪನಿಗಳಿಗೆ ವಿನ್ಯಾಸಕ್ಕೆಂದು ತಲಾ ಸುಮಾರು 85 ಲಕ್ಷ ಡಾಲರ್. 2022ರಲ್ಲಿ ಮುಂದಿನ ಹಂತಕ್ಕೆ ತಲಾ ಸುಮಾರು 3.6 ಕೋಟಿ, 2024ರ ಮಾರ್ಚಿನಲ್ಲಿ ಪಾಲಂಟೀರ್ ಒಂದಕ್ಕೇ 10 ಮೂಲಮಾದರಿಗಳಿಗಾಗಿ 17.84 ಕೋಟಿ ಡಾಲರ್. ಇವುಗಳಲ್ಲಿ ಐದು ದೊಡ್ಡವು, ಉಪಗ್ರಹಗಳಿಂದ ನೇರವಾಗಿ ಮಾಹಿತಿ ಪಡೆಯಬಲ್ಲವು. ಐದು ಚಿಕ್ಕವು, ಹಗುರ ವಾಹನದ ಮೇಲೆ ಸಾಗುವಂಥವು. ಮೊದಲ ಕೇಂದ್ರಗಳು 2025ರಲ್ಲಿ ಸೇನೆಯ ಕೈಸೇರಿದವು. ತಂತ್ರಾಂಶದ ಕಂಪನಿಯೊಂದು ಲಾರಿ ಸಮೇತ ಇಡೀ ವ್ಯವಸ್ಥೆಯ ಮುಖ್ಯ ಗುತ್ತಿಗೆದಾರನಾದದ್ದು ಗಮನಾರ್ಹ ಬದಲಾವಣೆ. ಲಕ್ಷಾಂತರ ಸಂಕೇತಗಳಲ್ಲಿ ಗುರಿ ಯಾವುದೆಂದು ಸೂಚಿಸಲು ಇದರಲ್ಲಿ ಕೃತಕ ಬುದ್ಧಿಮತ್ತೆಯನ್ನೂ ಬಳಸಲಾಗುತ್ತದೆ.

ಈ ಹಣ ಹರಿದ ದಾರಿಯನ್ನೂ ಅರಿಯಬೇಕು. ಸಂಶೋಧನೆಗೆ ಕಾಂಗ್ರೆಸ್ಸು ನೀಡುವ ಹಣವನ್ನು ಎರಡು ವರ್ಷಗಳೊಳಗೆ, ಖರೀದಿಗೆ ನೀಡುವ ಹಣವನ್ನು ಮೂರು ವರ್ಷಗಳೊಳಗೆ ಗುತ್ತಿಗೆಗಳಿಗೆ ತೊಡಗಿಸಬೇಕು. ಒಂದರಿಂದ ಇನ್ನೊಂದಕ್ಕೆ ದಾಟುವ ಅಂತರದಲ್ಲಿ ಎಷ್ಟೋ ಒಳ್ಳೆಯ ಯೋಜನೆಗಳು ಸೊರಗಿವೆ. ಇದನ್ನು ತಪ್ಪಿಸಲು ‘ಅದರ್ ಟ್ರಾನ್ಸಾಕ್ಷನ್’ ಎಂಬ ಒಪ್ಪಂದದ ಮಾರ್ಗವಿದೆ. ಟೈಟನ್ ಸಾಗಿದ್ದು ಇದೇ ಮಾರ್ಗದಲ್ಲಿ. ಸಾಮಾನ್ಯ ಖರೀದಿಯ ಅನೇಕ ನಿಯಮಗಳು ಇದಕ್ಕೆ ಅನ್ವಯಿಸುವುದಿಲ್ಲ. ಸ್ಪರ್ಧೆಯಿಂದ ಆಯ್ಕೆಯಾದ ಮೂಲಮಾದರಿ ಯಶಸ್ವಿಯಾದರೆ, ಮತ್ತೊಂದು ಸ್ಪರ್ಧೆಯಿಲ್ಲದೆಯೇ ಉತ್ಪಾದನೆಯ ಗುತ್ತಿಗೆಯನ್ನೂ ಅದೇ ಕಂಪನಿಗೆ ನೀಡಬಹುದು. ಜೆಸ್ಟಾರ್ಸ್ ಯೋಜನೆ ಕಾಗದದಿಂದ ಆಕಾಶಕ್ಕೇರಲು ಆರು ವರ್ಷ ಬೇಕಾದವೆಂಬುದನ್ನು ನೆನೆದರೆ, ಈ ವೇಗದ ಆಕರ್ಷಣೆ ಅರ್ಥವಾಗುತ್ತದೆ.

ಆದರೆ ಅದರ ಪರಿಣಾಮವೊಂದಿದೆ. ಸಾವಿರಾರು ಕೋಟಿಯ ಉತ್ಪಾದನೆ ಆರಂಭವಾದಾಗ ಪತ್ರಿಕೆಗಳೂ ಜನಪ್ರತಿನಿಧಿಗಳೂ ಪ್ರಶ್ನೆ ಕೇಳುವುದು ರೂಢಿ. ಈ ಮಾರ್ಗದಲ್ಲಿ ನಿಜವಾದ ಆಯ್ಕೆ ಅದಕ್ಕೂ ಮುಂಚೆ, ಮೊತ್ತ ಇನ್ನೂ ಚಿಕ್ಕದಾಗಿ ಕಾಣುವಾಗಲೇ ಬಹುಪಾಲು ಮುಗಿದಿರುತ್ತದೆ. ಮಾಹಿತಿಯ ಒಡೆತನ ಯಾರದು, ಕಂಪನಿಯನ್ನು ಬದಲಿಸಬೇಕಾದರೆ ಸಾಧ್ಯವೇ, ಯಂತ್ರ ಸೂಚಿಸಿದ ಗುರಿಯನ್ನು ಮನುಷ್ಯ ಎಷ್ಟು ಹೊತ್ತು ಪರಿಶೀಲಿಸಬೇಕು ಎಂಬ ಪ್ರಶ್ನೆಗಳನ್ನು ಆಗಲೇ ಕೇಳಬೇಕು. ಗುರಿ ಗುರುತಿಸುವಲ್ಲಿ ಆಗುವ ತಪ್ಪಿಗೆ ಬೆಲೆ ತೆರುವವರು ದೂರದೂರಿನ ಜನ.

ಈ ದೇಶದಲ್ಲಿ ನೆಲೆಸಿ ತೆರಿಗೆ ಕಟ್ಟುವ ನಾವು, ನಮ್ಮಲ್ಲಿ ಅನೇಕರು ತಂತ್ರಾಂಶವನ್ನೇ ವೃತ್ತಿಯಾಗಿಸಿಕೊಂಡವರು, ಇದನ್ನು ಪರರ ವಿಷಯವೆಂದು ಬದಿಗಿಡಲಾರೆವು. ರಕ್ಷಣಾ ಇಲಾಖೆಯ ಆಯವ್ಯಯ ಪತ್ರಗಳೂ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯ ವರದಿಗಳೂ ಬಹುಮಟ್ಟಿಗೆ ಸಾರ್ವಜನಿಕವಾಗಿಯೇ ಇವೆ. ಅವುಗಳಲ್ಲಿ ‘ಮೂಲಮಾದರಿ’ ಎಂಬ ಪದವಿರುವ ಸಾಲುಗಳನ್ನು ಸ್ವಲ್ಪ ನಿಧಾನವಾಗಿ ಓದುವ ಅಭ್ಯಾಸವನ್ನು ನಾವು ಬೆಳೆಸಿಕೊಳ್ಳೋಣ.