ಗುಡ್ಡದ ಮರೆಯ ಮನೆಗೆ ಸಂಕೇತ ಬಂದ ಹಾದಿ

ಟಿ.ವಿ. ಹೊಸತಾಗಿದ್ದ ದಿನಗಳಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಒಂದು ದೃಶ್ಯ ಸಾಮಾನ್ಯವಾಗಿತ್ತು. ಉದ್ದನೆಯ ಗಳಕ್ಕೆ ಕಟ್ಟಿದ ಆಂಟೆನಾವನ್ನು ಹೊರಗೆ ಒಬ್ಬರು ತಿರುಗಿಸುವರು. ಒಳಗಿದ್ದವರು ‘ಬಂತು, ಬಂತು... ಹೋಯ್ತು!’ ಎಂದು ಕೂಗುವರು. ಅದೇ ಮನೆಯ ಜಗಲಿಯಲ್ಲಿ ಭದ್ರಾವತಿ ಆಕಾಶವಾಣಿ ಮಾತ್ರ ತಕರಾರಿಲ್ಲದೆ ಹಾಡುತ್ತಿತ್ತು. ಎರಡೂ ಗಾಳಿಯಲ್ಲಿ ಬರುವ ಸಂಕೇತಗಳೇ. (ಗಾಳಿ ಎನ್ನುವುದು ರೂಢಿಯ ಮಾತು, ರೇಡಿಯೋ ತರಂಗಕ್ಕೆ ಗಾಳಿಯ ಹಂಗಿಲ್ಲ.) ಹಾಗಾದರೆ ಈ ಪಂಕ್ತಿಭೇದವೇಕೆ?

ಭದ್ರಾವತಿ ಕೇಂದ್ರ 1965ರಲ್ಲಿ ಆರಂಭವಾಯಿತು. ಅದರ ಮಧ್ಯಮ ತರಂಗದ ಆವರ್ತನ 675 ಕಿಲೋಹರ್ಟ್ಸ್, ಎಂದರೆ ತರಂಗದ ಉದ್ದ ಸುಮಾರು 444 ಮೀಟರ್. ಇಷ್ಟು ಉದ್ದದ ತರಂಗ ನೆಲವನ್ನು ಅನುಸರಿಸಿ, ಗುಡ್ಡವನ್ನು ಬಳಸಿ ಕಣಿವೆಗೂ ಇಳಿಯುತ್ತದೆ. ಟಿ.ವಿ.ಯದು ಬೇರೆ ಕಥೆ. ಬೆಂಗಳೂರು ದೂರದರ್ಶನ 1981ರ ನವೆಂಬರ್ 1ರಂದು ಪ್ರಸಾರ ಆರಂಭಿಸಿದರೂ ಅಷ್ಟು ದೂರದಿಂದ ಅದು ಮಲೆನಾಡನ್ನು ನೇರವಾಗಿ ಮುಟ್ಟುವಂತಿರಲಿಲ್ಲ. 1983ರ ಆಗಸ್ಟ್ 30ರಂದು ಇನ್ಸಾಟ್-1ಬಿ ಉಪಗ್ರಹ ಹಾರಿದ ಮೇಲೆ, ಅದರಿಂದ ಕಾರ್ಯಕ್ರಮ ಪಡೆದು ಸುತ್ತಮುತ್ತ ಹಂಚುವ 100 ವ್ಯಾಟ್‌ನ ಪುಟ್ಟ ಪ್ರೇಷಕಗಳು ದೇಶದ ಅನೇಕ ಊರುಗಳಿಗೆ ಬಂದವು. ಆದರೆ ಟಿ.ವಿ. ತರಂಗದ ಉದ್ದ ಕೆಲವೇ ಮೀಟರ್. ಅದು ಬಹುಮಟ್ಟಿಗೆ ಬೆಳಕಿನಂತೆ ನೇರ ಸಾಗುತ್ತದೆ. ಗುಡ್ಡದ ಹಿಂದೆ ಅದರ ನೆರಳು ಬೀಳುತ್ತದೆ.

ಪರದೆಯಲ್ಲಿ ಒಬ್ಬ ವಾರ್ತಾವಾಚಕರ ಪಕ್ಕದಲ್ಲಿ ಮಸುಕಾದ ಇನ್ನೊಬ್ಬರು ಕಾಣುತ್ತಿದ್ದುದೂ ಗುಡ್ಡದ ಕೃಪೆಯೇ. ಗುಡ್ಡಕ್ಕೆ ತಾಗಿ ಮರಳಿದ ಸಂಕೇತ 300 ಮೀಟರ್ ಹೆಚ್ಚು ದಾರಿ ನಡೆದರೆ 1 ಮೈಕ್ರೋಸೆಕೆಂಡ್ ತಡವಾಗುತ್ತದೆ. 40 ಸೆಂಟಿಮೀಟರ್ ಅಗಲದ ಪರದೆಯಲ್ಲಿ ಎರಡನೆಯ ಚಿತ್ರ ಸುಮಾರು ಮುಕ್ಕಾಲು ಸೆಂಟಿಮೀಟರ್ ಸರಿಯಲು ಅಷ್ಟು ಸಾಕು. ಸ್ಟುಡಿಯೋದಲ್ಲಿ ದೀಪ, ಬಣ್ಣಗಳಿಗಾಗಿ ತಲೆ ಕೆಡಿಸಿಕೊಳ್ಳುವ ನಮ್ಮಂಥವರಿಗೆ ಇದು ಮರೆತುಹೋಗುವುದುಂಟು.

ಕೇಬಲ್ಲಿಗೆ ಗುಡ್ಡ ಅಡ್ಡವಲ್ಲ. ರಸ್ತೆಯಂತೆ ಬಳಸಿ ಹೋಗುತ್ತದೆ. ಆದರೆ ತಾಮ್ರದ ತಂತಿಯಲ್ಲಿ ಸಂಕೇತ ಸಾಗಿದಷ್ಟೂ ಸೊರಗುತ್ತದೆ. ನಡುನಡುವೆ ವರ್ಧಕ ಬೇಕು. ಪೇಟೆಯಲ್ಲಿ ನೂರು ಮನೆಗೆ ಸಾಲುವ ತಂತಿ, ತೋಟಕ್ಕೊಂದರಂತೆ ಚದುರಿದ ಮಲೆನಾಡಿನಲ್ಲಿ ನಾಲ್ಕೇ ಮನೆ ಮುಟ್ಟೀತು. ಆಷಾಢದಲ್ಲಿ ಮರ ಬಿದ್ದರೆ ಅದೂ ಇಲ್ಲ.

2004ರ ಡಿಸೆಂಬರಿನಲ್ಲಿ ದೂರದರ್ಶನ ಮನೆಮನೆಗೆ ನೇರ ಉಪಗ್ರಹ ಪ್ರಸಾರ ಆರಂಭಿಸಿತು. ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಇಳಿಯುವ ತರಂಗವನ್ನು ಹೆಚ್ಚಿನ ಗುಡ್ಡಗಳು ತಡೆಯಲಾರವು. ಆದರೆ ಅದರ ಉದ್ದ ಎರಡೂವರೆ ಸೆಂಟಿಮೀಟರಿನಷ್ಟೇ. ಅಷ್ಟು ದೂರ ಬಂದದ್ದನ್ನು ಕೊನೆಯ ಕೆಲವು ಕಿಲೋಮೀಟರಿನಲ್ಲಿ ಜಡಿಮಳೆಯ ಹನಿಗಳು ಹೀರಿ, ಚದುರಿಸಿಬಿಡುತ್ತವೆ.

ಮೊಬೈಲ್ ತರಂಗವೂ ಗಿಡ್ಡ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಎಷ್ಟೋ ವಿದ್ಯಾರ್ಥಿಗಳು ಕೊಡೆ ಹಿಡಿದು ಗುಡ್ಡ ಹತ್ತಿ, ಅಲ್ಲಿ ಕುಳಿತು ಪಾಠ ಕೇಳಿದರು.