ಮೆಕ್ಕೆಜೋಳದ ಊರಿನ ಕಂಪ್ಯೂಟರ್ ಪಾಠ

ಪರದೆ ಮೇಲೆ ಪ್ರಶ್ನೆ ಬರುತ್ತೆ, ನೀವು ಉತ್ತರ ಒತ್ತುತ್ತೀರಿ, ಸರಿಯೋ ತಪ್ಪೋ ತಕ್ಷಣ ಗೊತ್ತಾಗುತ್ತೆ. ಇಂಥ ಪಾಠ ಲಾಕ್‌ಡೌನ್ ಕಾಲದಲ್ಲಿ ಬಂದದ್ದು ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಅದಕ್ಕೆ ಅರವತ್ತು ವರ್ಷ ದಾಟಿದೆ. ಶುರುವಾದದ್ದು ಮಹಾನಗರದಲ್ಲೂ ಅಲ್ಲ, ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ. ಸುತ್ತಲೂ ಮೆಕ್ಕೆಜೋಳ, ಸೋಯಾ. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲೇ 1876ರಿಂದ ಬೆಳೆ ಪ್ರಯೋಗ ನಡೆಯುತ್ತಿರುವ ಹೊಲವಿದೆ. ಅದರ ಜೋಳಕ್ಕೆ ನೆರಳಾಗಬಾರದೆಂದೇ ಪಕ್ಕದ ಗ್ರಂಥಾಲಯವನ್ನು ನೆಲದಡಿ ಕಟ್ಟಿದರು ಅಂತ ಹೇಳುತ್ತಾರೆ!

1960ರಲ್ಲಿ ಡೊನಾಲ್ಡ್ ಬಿಟ್ಜರ್ ಎಂಬ ಎಂಜಿನಿಯರ್ ಅಲ್ಲಿ 'ಪ್ಲೇಟೋ' ಶುರುಮಾಡಿದರು. ಮೊದಲಿಗೆ ಒಂದು ಟಿವಿ ಪರದೆ, ಒಬ್ಬನೇ ವಿದ್ಯಾರ್ಥಿ. 1972ರ ಹೊತ್ತಿಗೆ ಕಿತ್ತಳೆ ಬಣ್ಣದಲ್ಲಿ ಹೊಳೆಯುವ ಪ್ಲಾಸ್ಮಾ ಪರದೆ ಬಂತು, ಅದು ಬೆರಳಿನ ಸ್ಪರ್ಶವನ್ನೂ ಗುರುತಿಸುತ್ತಿತ್ತು. ಆ ದಶಕದಲ್ಲೇ ಅದರ ಮೇಲೆ ಪ್ರೋಗ್ರಾಮಿಂಗ್ ಕೂಡ ಕಲಿಸಿದರು.

ಅದೇ ಆವರಣದಲ್ಲಿ ಡೇನಿಯಲ್ ಸ್ಲಾಟ್ನಿಕ್ 'ಇಲಿಯಾಕ್ 4' ಎಂಬ ಸಮಾನಾಂತರ ಕಂಪ್ಯೂಟರಿನ ವಿನ್ಯಾಸ ಮಾಡುತ್ತಿದ್ದರು. ಹಗ್ಗ ಹಿಡಿದು ನಾಟಿ ಮಾಡುವುದನ್ನು ನೋಡಿದ್ದೀರಲ್ಲ? ಸಾಲಲ್ಲಿ ನಿಂತವರೆಲ್ಲ ಒಟ್ಟಿಗೆ ಬಾಗಿ ನೆಡಬೇಕು, ಹಗ್ಗ ಸರಿದರೆ ಎಲ್ಲರೂ ಒಟ್ಟಿಗೆ ಹಿಂದೆ ಹೆಜ್ಜೆ ಇಡಬೇಕು. ಇಲಿಯಾಕ್ ಕೆಲಸವೂ ಹಾಗೇ: ಒಂದು ಅಪ್ಪಣೆ, ಎಲ್ಲ ಪ್ರೊಸೆಸರ್‌ಗಳಿಂದ ಒಂದೇ ಕೆಲಸ, ಒಬ್ಬೊಬ್ಬರ ಮುಂದೆ ಬೇರೆ ಬೇರೆ ಲೆಕ್ಕ. 256 ಪ್ರೊಸೆಸರ್ ಅಂದುಕೊಂಡಿದ್ದರು, ಆದದ್ದು 64. ರಕ್ಷಣಾ ಇಲಾಖೆಯ ಹಣದ ಯಂತ್ರ, ವಿಯೆಟ್ನಾಂ ಯುದ್ಧದ ಕಾಲ. 1970ರಲ್ಲಿ ವಿದ್ಯಾರ್ಥಿಗಳು ಪ್ರತಿಭಟಿಸಿದರು. ಕೊನೆಗೆ ಅದು ಹೋದದ್ದು ಕ್ಯಾಲಿಫೋರ್ನಿಯಾದ ನಾಸಾ ಕೇಂದ್ರಕ್ಕೆ. ಅದಕ್ಕೆ ಪ್ರೋಗ್ರಾಂ ಬರೆಯುವುದು ಕಬ್ಬಿಣದ ಕಡಲೆಯಾಗಿತ್ತು. ಕಲಿಸುವ ಯಂತ್ರ, ಕಲಿಯಬೇಕಾದ ಯಂತ್ರ ಎರಡೂ ಒಂದೇ ಕಡೆ ಬೆಳೆದವು, ಆದರೂ ಕೈಜೋಡಿಸಲಿಲ್ಲ. ನನಗೆ ಈ ಕಥೆಯಲ್ಲಿ ಬೇಸರ ತರಿಸುವುದು ಇದೇ.

ಅವು ಸೇರಿದ್ದು ವೆಬ್ ಬಂದಮೇಲೆ. ಚಿತ್ರ, ಅಕ್ಷರ ಒಟ್ಟಿಗೆ ತೋರಿಸುವ ಮೊಸಾಯಿಕ್ ಬ್ರೌಸರ್ 1993ರಲ್ಲಿ ಹೊರಬಂದದ್ದು ಇದೇ ಇಲಿನಾಯ್ ವಿಶ್ವವಿದ್ಯಾಲಯದಿಂದ. ಅದಾಗಿ ಒಂದೆರಡು ವರ್ಷದಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ನೆಲ್ ವಿಶ್ವವಿದ್ಯಾಲಯ 'ವರ್ಚುವಲ್ ವರ್ಕ್‌ಶಾಪ್' ಆರಂಭಿಸಿತು. ಸಮಾನಾಂತರ ಪ್ರೋಗ್ರಾಮಿಂಗ್ ಕಲಿಯಲು ಅಲ್ಲಿಗೇ ಹೋಗಿ ಕೂರಬೇಕೆಂಬುದು ತಪ್ಪಿತು.

ಅಷ್ಟರಲ್ಲಿ ಹಗ್ಗದ ನಾಟಿಯ ಕಾಲ ಮುಗಿಯುತ್ತಿತ್ತು. 1994ರಲ್ಲಿ ಬಂದ ಎಂಪಿಐ ನಿಯಮಗಳಲ್ಲಿ ಪ್ರತಿ ಪ್ರೊಸೆಸರ್ ತನ್ನ ಪಾಡಿಗೆ ದುಡಿದು, ಬೇಕಾದಾಗ ಪಕ್ಕದವನಿಗೆ ಸಂದೇಶ ಕಳಿಸುತ್ತದೆ. 'ನೀನು ಮೊದಲು ಹೇಳು' ಅಂತ ಇಬ್ಬರೂ ಕಾದು ಕೂತರೆ? ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ, ತಪ್ಪು ಎಂದೂ ಹೇಳುವುದಿಲ್ಲ. ಪುಸ್ತಕದಲ್ಲಿ ಇದನ್ನು ಓದಿದರೆ ತಲೆಗೆ ಹೋಗದು. ಬರೆದು, ಓಡಿಸಿ, ನಿಂತು ಹೋದದ್ದನ್ನು ಕಣ್ಣಾರೆ ನೋಡಬೇಕು.

ನಮ್ಮ ದೇಶದಲ್ಲಿ ಪುಣೆಯ ಸಿ-ಡ್ಯಾಕ್ 1991ರಲ್ಲೇ 'ಪರಮ್ 8000' ಎಂಬ ಸಮಾನಾಂತರ ಯಂತ್ರ ಕಟ್ಟಿತ್ತು. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಈ ವಿಷಯದ ಪಾಠ ಇಂದು ಯಾರೂ ಉಚಿತವಾಗಿ ನೋಡಬಹುದು. ಆದರೆ ವಿಡಿಯೊ ನೋಡುವವನ ಪ್ರೋಗ್ರಾಂ ಎಲ್ಲಿ ನಿಂತಿತು ಅಂತ ವಿಡಿಯೊಗೆ ಗೊತ್ತಾಗುವುದಿಲ್ಲ. ಅದರಲ್ಲೂ ಮೇಷ್ಟ್ರು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರೆ, ನಿಂತದ್ದು ಪ್ರೋಗ್ರಾಮೋ ತಾನೋ ಅಂತ ನಮ್ಮೂರ ಹುಡುಗನಿಗೂ ಗೊತ್ತಾಗುವುದಿಲ್ಲ. ಅವನ ಕೈಯಲ್ಲಿರುವ ಮೊಬೈಲಿನ ಚಿಪ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಎಂಟು ಕೋರ್‌ಗಳಿರುತ್ತವೆ.