ಎಫ್.ಎಂ. ಗ್ರಾಹಕದ ಹೊಸ್ತಿಲು: ಒಂದು ಚಾರಿತ್ರಿಕ ಅವಲೋಕನ

ಆವೃತ್ತಿ ಮಾಡ್ಯುಲೇಷನ್ನಿನ, ಅಂದರೆ ಎಫ್.ಎಂ. ಪದ್ಧತಿಯ ಚರಿತ್ರೆಯನ್ನು ಹೇಳುವವರು ಎಡ್ವಿನ್ ಆರ್ಮ್‌ಸ್ಟ್ರಾಂಗನನ್ನು ವೀರನನ್ನಾಗಿಯೂ ಜಾನ್ ಕಾರ್ಸನನನ್ನು ಗಣಿತವನ್ನು ನಂಬಿ ಎಡವಿದ ಪಂಡಿತನನ್ನಾಗಿಯೂ ಚಿತ್ರಿಸುವುದುಂಟು. ಈ ಚಿತ್ರವು ಕಾರ್ಸನನಿಗೆ ನ್ಯಾಯ ಮಾಡುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

1922ರಲ್ಲಿ ತಜ್ಞರ ಮುಂದಿದ್ದ ಪ್ರಶ್ನೆ ಗದ್ದಲದ್ದಲ್ಲ, ಸ್ಥಳಾಭಾವದ್ದು. ವಾಹಕ ತರಂಗದ ಆವೃತ್ತಿಯನ್ನು ಅತ್ಯಲ್ಪವಾಗಿ ತೂಗಾಡಿಸಿದರೆ ಪ್ರತಿಯೊಂದು ನಿಲಯಕ್ಕೂ ಕಿರಿದಾದ ಪಟ್ಟಿ ಸಾಕಾದೀತೆಂದು ಕೆಲವರು ಆಶಿಸಿದ್ದರು. ಅದು ಸಾಧ್ಯವಿಲ್ಲವೆಂದೂ, ಕಿರಿದಾದ ಪಟ್ಟಿಯಲ್ಲಿ ಧ್ವನಿಯು ವಿಕಾರಗೊಳ್ಳುವುದೇ ಹೊರತು ಲಾಭವಿಲ್ಲವೆಂದೂ ಕಾರ್ಸನನು ತೋರಿಸಿದನು. ಪಟ್ಟಿಯ ವಿಷಯದಲ್ಲಿ ಅವನ ಗಣಿತ ಇಂದಿಗೂ ನಿಂತಿದೆ. ಪಟ್ಟಿಯನ್ನು ಬೇಕೆಂದೇ ಅಗಲಗೊಳಿಸಿದರೆ ಏನಾದೀತೆಂದು ಆಗ ಯಾರೂ ಕೇಳಿರಲಿಲ್ಲ. ಒಂದು ಪ್ರಶ್ನೆಗೆ ಬಂದ ಉತ್ತರವನ್ನು ಓದುಗರು ಎಲ್ಲ ಪ್ರಶ್ನೆಗಳಿಗೂ ಉತ್ತರವೆಂದು ಭಾವಿಸಿದರು.

ಆ ಪ್ರಶ್ನೆಯನ್ನು ಕೇಳಿದವನು ಆರ್ಮ್‌ಸ್ಟ್ರಾಂಗ್. ಸಿಡಿಲು, ಮೋಟಾರು, ಗ್ರಾಹಕದ ಕವಾಟಗಳು, ಇವುಗಳ ಗದ್ದಲವು ತರಂಗದ ಎತ್ತರವನ್ನೂ ಆವೃತ್ತಿಯನ್ನೂ ಕೊಂಚ ಕೊಂಚ ಕದಡುತ್ತದೆ. ಎತ್ತರದ ಕದಡನ್ನು ಮಿತಿಕಾರಕದಿಂದ ಕತ್ತರಿಸಿಬಿಡಬಹುದು. ಸಂಕೇತದ ತೂಗಾಟವನ್ನೇ ಬಹಳ ದೊಡ್ಡದು ಮಾಡಿದರೆ ಆವೃತ್ತಿಯ ಕದಡು ಅದರ ಮುಂದೆ ಕ್ಷುಲ್ಲಕವಾಗುತ್ತದೆ. 1933ರ ಡಿಸೆಂಬರ್ 26ರಂದು ಅವನಿಗೆ ಪೇಟೆಂಟುಗಳು ದೊರೆತವು. 1935ರ ನವೆಂಬರ್ 5ರಂದು ನ್ಯೂಯಾರ್ಕಿನ ಎಂಜಿನಿಯರುಗಳ ಸಭೆಯಲ್ಲಿ ಅವನು ಯಾಂಕರ್ಸ್ ಊರಿನಿಂದ ಬಂದ ಪ್ರಸಾರವನ್ನು ಕೇಳಿಸಿದನು. ತೂಗಾಟವು ಅತ್ಯುನ್ನತ ಧ್ವನಿ ಆವೃತ್ತಿಯ ಐದರಷ್ಟಿದ್ದರೆ, ಅಷ್ಟೇ ವಾಹಕ ಶಕ್ತಿಯ ಹಳೆಯ ಪದ್ಧತಿಗಿಂತ ಸಂಕೇತ ಮತ್ತು ಗದ್ದಲಗಳ ಅನುಪಾತವು 75 ಪಟ್ಟು ಮೇಲಾಗುತ್ತದೆ.

ಆದರೆ ಬಾಗಿಲು ಅಗಲವಾದರೆ ಒಳಗೆ ನುಗ್ಗುವ ಗದ್ದಲವೂ ಹೆಚ್ಚುತ್ತದೆ. (ಬಾಗಿಲು ಎಷ್ಟು ಅಗಲವಿರಬೇಕೆಂದು ಎಣಿಸುವ ಸೂತ್ರಕ್ಕೆ ಇಂದಿಗೂ ಕಾರ್ಸನನ ನಿಯಮವೆಂದೇ ಹೆಸರು, 75 ಕಿಲೋಹರ್ಟ್ಸ್ ತೂಗಾಟಕ್ಕೂ 15 ಕಿಲೋಹರ್ಟ್ಸ್ ಧ್ವನಿಗೂ ಅದು 180 ಕಿಲೋಹರ್ಟ್ಸ್ ಕೊಡುತ್ತದೆ.) 1937ರಲ್ಲಿ ಮರ್ರೆ ಕ್ರಾಸ್ಬಿ ಈ ಪದ್ಧತಿಗೆ ಒಂದು ಹೊಸ್ತಿಲಿದೆಯೆಂದು ವಿಶದಪಡಿಸಿದನು. ವಾಹಕದ ಶಕ್ತಿಯು ಪಟ್ಟಿಯೊಳಗಿನ ಗದ್ದಲದ ಶಕ್ತಿಗಿಂತ ಸುಮಾರು ಹತ್ತು ಪಟ್ಟು ಇರುವವರೆಗೆ ಲಾಭವುಂಟು. ಅದಕ್ಕಿಂತ ಇಳಿದರೆ ಧ್ವನಿಯು ಮೆಲ್ಲಮೆಲ್ಲನೆ ಮಸುಕಾಗುವುದಿಲ್ಲ, ಒಮ್ಮೆಗೇ ಕುಸಿಯುತ್ತದೆ.

ಏಕೆಂಬುದಕ್ಕೆ ಅತ್ಯಂತ ಸ್ಪಷ್ಟವಾದ ಉತ್ತರವನ್ನು 1963ರಲ್ಲಿ ಬೆಲ್ ಪ್ರಯೋಗಶಾಲೆಯ ಎಸ್. ಓ. ರೈಸ್ ಕೊಟ್ಟನು. ವಾಹಕವನ್ನು ಒಂದು ಉದ್ದ ಬಾಣವೆಂದು ಭಾವಿಸೋಣ. ಅದರ ತುದಿಗೆ ಗದ್ದಲವೆಂಬ ಗಿಡ್ಡ ಬಾಣವನ್ನು ಜೋಡಿಸೋಣ. ಗಿಡ್ಡ ಬಾಣವು ಹೇಗೆ ಕುಣಿದರೂ ಒಟ್ಟು ಬಾಣದ ದಿಕ್ಕು ಅಲ್ಪವೇ ಅಲುಗುತ್ತದೆ. ಎಂದೋ ಒಂದು ಕ್ಷಣ ಗದ್ದಲವು ವಾಹಕವನ್ನು ಮೀರಿ ವಿರುದ್ಧ ದಿಕ್ಕಿಗೆ ಚಾಚಿದಾಗ, ಒಟ್ಟು ಬಾಣದ ತುದಿಯು ಮೂಲಬಿಂದುವಿನ ಸುತ್ತ ಒಂದು ಪೂರ್ಣ ಸುತ್ತನ್ನು ಹಾಕಿಬಿಡಬಹುದು. ಗ್ರಾಹಕವು ಅಳೆಯುವುದು ದಿಕ್ಕು ಬದಲಾಗುವ ವೇಗವನ್ನು. ಆದುದರಿಂದ ಆ ಸುತ್ತು ಕಿವಿಗೆ ಟಕ್ಕೆಂಬ ಸದ್ದಾಗಿ ಬರುತ್ತದೆ. ಹೊಸ್ತಿಲ ಕೆಳಗೆ ಇಂತಹ ಸದ್ದುಗಳು ಮಳೆಯಂತೆ ಸುರಿಯುತ್ತವೆ.

ಇದಕ್ಕೆ ಪರಿಹಾರವು ಆಗಲೇ ಹುಟ್ಟಿತ್ತೆಂಬುದು ಕುತೂಹಲದ ಸಂಗತಿ. 1939ರಲ್ಲಿಯೇ ಜೆ. ಜಿ. ಚಾಫಿಯು ಗ್ರಾಹಕದಿಂದ ಹೊರಬಂದ ಧ್ವನಿಯನ್ನು ಅದರದೇ ಆಂದೋಲಕಕ್ಕೆ ಹಿಂದಿರುಗಿಸುವ ಏರ್ಪಾಟನ್ನು ಪ್ರಕಟಿಸಿದ್ದನು. ಆಂದೋಲಕವು ಸಂಕೇತವನ್ನು ಹಿಂಬಾಲಿಸುವುದರಿಂದ ಒಳಗಿನ ತೂಗಾಟ ಕಿರಿದಾಗುತ್ತದೆ, ಕಿರಿದಾದ ಬಾಗಿಲೇ ಸಾಕಾಗುತ್ತದೆ, ಹೊಸ್ತಿಲು ತಗ್ಗುತ್ತದೆ. ಪ್ರಸಾರ ನಿಲಯಗಳಿಗೆ ಇದರ ಅವಶ್ಯಕತೆಯಿರಲಿಲ್ಲ, ಅವು ಶಕ್ತಿಯನ್ನು ಹೆಚ್ಚಿಸಬಲ್ಲವು. 1960ರ ಆಗಸ್ಟ್ 12ರಂದು ಮೇಲೇರಿದ ಎಕೋ ಉಪಗ್ರಹವಾದರೋ ಸುಮಾರು 30 ಮೀಟರ್ ವ್ಯಾಸದ ಬರಿಯ ಬಲೂನು. ಸುಮಾರು 1,600 ಕಿಲೋಮೀಟರ್ ಎತ್ತರದಿಂದ ಅದು ಪ್ರತಿಫಲಿಸಿದ ಕ್ಷೀಣ ಧ್ವನಿಯನ್ನು ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಹಿಡಿದ ಗ್ರಾಹಕವು ಚಾಫಿಯ ತತ್ತ್ವದ ಮೇಲೆಯೇ ನಿರ್ಮಿತವಾಗಿತ್ತು. ಕಾರ್ಸನನು 1940ರಲ್ಲಿಯೂ, ಪೇಟೆಂಟು ವ್ಯಾಜ್ಯಗಳಿಂದ ಜರ್ಜರಿತನಾದ ಆರ್ಮ್‌ಸ್ಟ್ರಾಂಗನು 1954ರಲ್ಲಿಯೂ ತೀರಿಕೊಂಡಿದ್ದರು.